ಗಾದೆ ಸಂಗ್ರಹ: ತಿದ್ದಿದ್ದಕ್ಕೆ ಒಂದು ಕಮಿಟ್, ಹೊಸದಕ್ಕೆ ಇನ್ನೊಂದು

ಗಾದೆಗಳೆಲ್ಲ ಈಗ, ಫೈಲಿನ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶವಾದ ಗಿಟ್‌ನಲ್ಲಿವೆ. ಒಂದು ಅಕ್ಷರಕ್ಕೆ ಒಂದು ಫೈಲು, ಒಂದು ಸಾಲಿಗೆ ಒಂದು ಗಾದೆ. ಫೈಲಿನ ಹೆಸರೂ ಕನ್ನಡದಲ್ಲೇ. ಆದರೆ ಬದಲಾದ ಫೈಲುಗಳ ಪಟ್ಟಿಗೆ ಗಿಟ್ ಸ್ಟೇಟಸ್ ಕೊಟ್ಟರೆ ‘ಕ’ ಇರಬೇಕಾದ ಕಡೆ \340\262\225 ಅಂತ ಬರುತ್ತಿತ್ತು. ಕೋರ್.ಕೋಟ್‌ಪಾತ್ ಅನ್ನುವ ಸೆಟ್ಟಿಂಗನ್ನು ಫಾಲ್ಸ್ ಮಾಡಿದ ಮೇಲೆ ಅಕ್ಷರವೇ ಕಾಣುತ್ತದೆ. ಕನ್ನಡ ಹೆಸರಿನ ಫೈಲು ಇಟ್ಟುಕೊಂಡವರು ಮೊದಲು ಇದನ್ನು ಮಾಡಿಕೊಳ್ಳಿ.

ಈ ಸಲ ಜಾಸ್ತಿ ಹೊತ್ತು ಹಿಡಿದದ್ದು ಸ್ಟೇಜಿಂಗ್, ಅಂದರೆ ಮುಂದಿನ ಕಮಿಟ್‌ಗೆ (ಒಟ್ಟಿಗೆ ದಾಖಲಾಗುವ ಬದಲಾವಣೆಗಳ ಕಂತಿಗೆ) ಯಾವುದು ಹೋಗಬೇಕು ಅಂತ ಆರಿಸುವುದು. ಟೈಪ್ ಮಾಡುತ್ತಾ ಕೂತರೆ ಹೊಸ ಗಾದೆಯೂ ಸೇರುತ್ತದೆ, ಹಳೆಯದರ ಕಾಗುಣಿತವೂ ಸರಿಹೋಗುತ್ತದೆ. ಎರಡನ್ನೂ ಒಂದೇ ಕಮಿಟ್‌ಗೆ ತುಂಬಲು ನನಗೆ ಮನಸ್ಸಿಲ್ಲ. ಗಾದೆ ಊರಿಂದ ಊರಿಗೆ ಬದಲಾಗುತ್ತದೆ. ಒಂದು ಸಾಲು ಬದಲಾಗಿದ್ದರೆ ಅದು ಟೈಪಿಂಗ್ ತಪ್ಪೋ, ಇನ್ನೊಂದು ಊರಿನ ಮಾತೋ ಅಂತ ಮುಂದೆ ನೋಡುವವರಿಗೆ ಗೊತ್ತಾಗಬೇಕು ಅಲ್ವಾ?

ಅದಕ್ಕೇ ಗಿಟ್ ಆ್ಯಡ್ -ಪಿ. ಬದಲಾವಣೆಗಳನ್ನು ತುಂಡು ತುಂಡಾಗಿ ತೋರಿಸಿ ಕೇಳುತ್ತದೆ. ವೈ ಒತ್ತಿದರೆ ಸ್ಟೇಜ್ ಆಗುತ್ತದೆ, ಎನ್ ಒತ್ತಿದರೆ ಇಲ್ಲ. ಎಸ್ ಒತ್ತಿದರೆ ತುಂಡನ್ನು ಮತ್ತೆ ಒಡೆಯುತ್ತದೆ, ಆದರೆ ನಡುವೆ ಬದಲಾಗದ ಸಾಲು ಇರಬೇಕು. ನನ್ನ ಫೈಲಿನಲ್ಲಿ ತಿದ್ದಿದ ಗಾದೆಯ ಕೆಳಗೇ ಹೊಸ ಗಾದೆ, ಹಾಗಾಗಿ ಎಸ್ ಕೆಲಸಕ್ಕೆ ಬರಲಿಲ್ಲ. ಆಗ ಇ. ಎಡಿಟರ್ ತೆರೆಯುತ್ತದೆ, ಸದ್ಯಕ್ಕೆ ಬೇಡದ ಪ್ಲಸ್ ಸಾಲನ್ನು (ಹೊಸದಾಗಿ ಸೇರಿದ್ದನ್ನು) ಅಲ್ಲಿ ಅಳಿಸಬೇಕು. ಅಸಲಿ ಫೈಲಿಗೆ ಏನೂ ಆಗುವುದಿಲ್ಲ, ಆ ಗಾದೆ ಮುಂದಿನ ಕಮಿಟ್‌ಗೆ ಉಳಿಯುತ್ತದೆ. ಇನ್ನೊಂದು ಮಾತು: ಆ್ಯಡ್ ಮಾಡಿದ ಮೇಲೆ ಮತ್ತೆ ತಿದ್ದಿದರೆ, ಕಮಿಟ್‌ಗೆ ಹೋಗುವುದು ಆ್ಯಡ್ ಮಾಡಿದಾಗ ಇದ್ದ ಸಾಲೇ.

ಕಮಿಟ್‌ಗೆ ಮುಂಚೆ, ಸ್ಟೇಜ್ ಆದ ಬದಲಾವಣೆಗಳನ್ನು ತೋರಿಸುವ ಗಿಟ್ ಡಿಫ್ --ಸ್ಟೇಜ್ಡ್ ನೋಡದೆ ಬಿಡುವುದಿಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಕಣ್ಣಿಗೆ ಬಿದ್ದದ್ದು ಅಲ್ಲೇ. ಮೈನಸ್ ಸಾಲೂ (ಹಳೆಯದು) ಪ್ಲಸ್ ಸಾಲೂ ನೋಡಲು ಒಂದೇ! ವ್ಯತ್ಯಾಸ ಇದ್ದದ್ದು ‘ಮೊ’ದಲ್ಲಿ. ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಗೆ ತನ್ನದೇ ಒಂದು ಸಂಕೇತ ಇದೆ. ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟರೂ ಅದೇ ರೂಪ ಮೂಡುತ್ತದೆ. ಈ ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಮೊದಲನೆಯದು 3 ಬೈಟು, ಎರಡನೆಯದು 6. ಗಿಟ್ ನೋಡುವುದು ಬೈಟುಗಳನ್ನು, ಅಕ್ಷರದ ಆಕಾರವನ್ನಲ್ಲ.

ಹಾಗಾಗಿ ಬೇರೆ ತಿದ್ದುಪಡಿಗಳನ್ನೆಲ್ಲ ಪಕ್ಕಕ್ಕಿಟ್ಟು, ಎಲ್ಲ ಫೈಲುಗಳನ್ನೂ, ಇಂಥ ಚಿಹ್ನೆಗೆ ಒಂದೇ ಸಂಕೇತ ಬಳಸುವ ಎನ್ಎಫ್‌ಸಿ ರೂಪಕ್ಕೆ ತಂದು, ಅದನ್ನಷ್ಟೇ ಒಂದು ಕಮಿಟ್ ಮಾಡಿದೆ. ಸಂದೇಶ: ‘ಒಕಾರ, ಓಕಾರದ ಸಂಕೇತ ಒಂದೇ ಬಗೆಗೆ, ಯಾವ ಗಾದೆಯ ಮಾತೂ ಬದಲಾಗಿಲ್ಲ.’ ಕಾಗುಣಿತದ ಕಮಿಟ್ ಅದರ ಮೇಲೆ, ಹೊಸ ಗಾದೆಗಳದ್ದು ಆಮೇಲೆ. ಇನ್ನು ‘ಚ’ ಫೈಲು ಶುರು ಮಾಡಬೇಕು.