ಚಹಾ ಗ್ಲಾಸಿನ್ಯಾಗ ಹಲ್ಲು

ಮುಂಜಾನಿ ಅವ್ವ ಚಹಾ ಸೋಸ್ಲಾಕ ಹೋಗಿ ಒಮ್ಮೆಲೇ ಚೀರಿದ್ಲು. ಗ್ಲಾಸಿನ್ಯಾಗ ಬಿಸಿನೀರು, ಅದ್ರಾಗ ಯಾರ್ದೋ ಹಲ್ಲಿನ ಸೆಟ್ಟು!

ಸೆಟ್ಟಲ್ರಿ, ತಮ್ಮನ ಮೌತ್‌ಗಾರ್ಡ್, ಹೊಡೆತ ಬಿದ್ರ ಹಲ್ಲು ಕಾಯೋ ಕವಚ. ಬಿಸಿನೀರಾಗ ಮೆತ್ತಗ ಮಾಡಿ ಕಚ್ಚಿದ್ರ ಹಲ್ಲಿನ ಆಕಾರ ಹಿಡಿತದಂತ. ಎಂಎಂಎ, ಅಂದ್ರ ಗುದ್ದು, ಒದಿಯೋದು, ಕುಸ್ತಿ ಎಲ್ಲಾ ಕೂಡಿದ ಆಟ, ಕಲಿಲಾಕತ್ಯಾನ ಸಾಹೇಬ.

"ಈ ಹೊಡೆದಾಟಕ್ಕ ಸರ್ಕಾರದ ಪರ್ಮಿಷನ್ ಅದನೋ ಇಲ್ಲೋ?" ಅಂದ್ಲು. ಅಂವ ಸುರು ಮಾಡ್ದ, ನ್ಯೂಯಾರ್ಕ್‌ನ್ಯಾಗ 1997ರಾಗ ಬ್ಯಾನ್ ಮಾಡಿದ್ರು, 2016ರಾಗ ಕಾನೂನು ತಂದು ಮತ್ತ ಪರ್ಮಿಷನ್ ಕೊಟ್ರು, ಈಗ ತೂಕ ಮಾಡ್ದೆ ಡಾಕ್ಟರ್ ನೋಡ್ದೆ ಒಳಗೇ ಬಿಡಂಗಿಲ್ಲ ಅಂತ.

"ನ್ಯೂಯಾರ್ಕ್ ಬಿಡಪ್ಪ, ಕಲಬುರಗಿದು ಹೇಳು."

ಗಪ್ಪಾದ.

ನನಗ ಜಾತ್ರಿ ಕುಸ್ತಿ ನೆನಪಾಯ್ತು. ತಕ್ಕಡಿ ಇಲ್ಲ ಏನಿಲ್ಲ, ಹಿರ್ಯಾರು ಭುಜ ಮುಟ್ಟಿ ನೋಡಿ ಜೋಡಿ ಹಚ್ಚತಿದ್ರು, ಟೆಂಗಿನಕಾಯಿ ಇನಾಮಿನ ಕುಸ್ತಿಯಿಂದ ಹಿಡಿದು ಬೆಳ್ಳಿ ಕಡಗದ ತನಕ, ಹಲಗಿ ಬಡಿತಾನೇ ಇರ್ತಿತ್ತು, ಯಾರೂ ಲೈಸೆನ್ಸ್ ಕೇಳಲಿಲ್ಲ. ಖರೇ, ಆದ್ರ ಕೈ ಮುರಿದ್ರ ದವಾಖಾನಿ ಬಿಲ್ಲು ಕಟ್ಟಾಂವನೂ ಆ ಪೈಲ್ವಾನನೇ. ಅದಕ್ಕ ರೂಲ್ಸ್ ಬರ್ಲಿ ಅನಸ್ತದ, ಡಾಕ್ಟರ್ ಒಬ್ಬ ಕುಂದ್ರಲಿ. ಬರೇ ಸಹಿಗಿ ರೊಕ್ಕ ಕೇಳೋ ರೂಲ್ಸ್ ಆದ್ರ ಬ್ಯಾಡ.

ಅವ್ವ ಗ್ಲಾಸು ಮೂರು ಸಲ ತಿಕ್ಕ್ಯಾಳ. ಅದ್ರಾಗ ಯಾರಿಗೂ ಇನ್ನಾ ಚಹಾ ಕೊಟ್ಟಿಲ್ಲ.