ಅಫಿಲಿಯೇಟ್ ಲಿಂಕ್ ಹಾಕಿದ್ರೆ ತಿಂಗಳಿಗೆ ಎಷ್ಟು ಬರುತ್ತೆ?

ಕೃಷಿ ಉಪಕರಣಗಳ ಬಗ್ಗೆ ಕನ್ನಡದಲ್ಲಿ ಸೈಟ್ ನಡೆಸುತ್ತೇನೆ ಅಂದ ಕೂಡಲೇ ಜನ ಕೇಳುವುದು ಇದನ್ನೇ. ಅಫಿಲಿಯೇಟ್ ಲಿಂಕ್ ಎಂದರೆ, ಅದನ್ನು ಒತ್ತಿ ಹೋದ ಓದುಗರು ಏನಾದರೂ ಕೊಂಡರೆ ನಮಗೆ ಕಮಿಷನ್ ತರುವ ಲಿಂಕ್. ಅಡುಗೆ ಸೈಟ್ ಮಾಡಿಕೊಂಡ ಅಕ್ಕಂದಿರು ಕೇಳುತ್ತಾರೆ, ಕೆಎಎಸ್ ಪರೀಕ್ಷೆಯ ನೋಟ್ಸ್ ಹಾಕುವ ಹುಡುಗರು ಕೇಳುತ್ತಾರೆ, ನಿವೃತ್ತರಾದ ಮೇಷ್ಟ್ರುಗಳೂ ಕೇಳುತ್ತಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ. ಎಷ್ಟು ಲಿಂಕ್ ಹಾಕಿದ್ದೀರಿ ಎಂಬುದನ್ನು ಬಿಡಿ. ಕೊಳ್ಳಲೋ ಬೇಡವೋ ಎಂದು ತೂಗಿ ನೋಡುತ್ತಿರುವವರ ಅನುಮಾನ ನಿಮ್ಮ ಪುಟದಲ್ಲಿ ಬಗೆಹರಿಯುತ್ತದೆಯೇ? ಬರುವ ಹಣ ನಿಂತಿರುವುದು ಅದರ ಮೇಲೆ.

ಇದು ಕೆಲಸ ಮಾಡುವ ಬಗೆ ಸರಳ. ಕಂಪನಿ ನಿಮಗೊಂದು ಗುರುತಿನ ಸಂಖ್ಯೆ ಕೊಡುತ್ತದೆ, ಅದು ನಿಮ್ಮ ಲಿಂಕಿನ ಒಳಗೆ ಇರುತ್ತದೆ. ಓದುಗರು ಆ ಲಿಂಕ್ ಒತ್ತಿ ಅಂಗಡಿಯ ಸೈಟಿಗೆ ಹೋದಾಗ ಅವರ ಬ್ರೌಸರಿನಲ್ಲಿ ಕುಕೀ ಎಂಬ ಸಣ್ಣ ಗುರುತು ಉಳಿಯುತ್ತದೆ. ಅದರ ಅವಧಿಯೊಳಗೆ ಅವರು ಕೊಂಡರೆ ನಿಮಗೆ ಕಮಿಷನ್. ಅಮೆಜಾನ್ 1996ರಲ್ಲೇ ಈ ವ್ಯವಸ್ಥೆಯನ್ನು ಶುರು ಮಾಡಿತು. ಅಲ್ಲಿ ಆ ಅವಧಿ 24 ಗಂಟೆ. ಸೇರಿದ 180 ದಿನಗಳಲ್ಲಿ ಕನಿಷ್ಠ 3 ಮಾರಾಟ ಆಗದಿದ್ದರೆ ಖಾತೆಯನ್ನು ಮುಚ್ಚುತ್ತಾರೆ. ನಿಮ್ಮ ಲಿಂಕಿನಿಂದ ನೀವೇ ಕೊಂಡರೆ ಅದು ಲೆಕ್ಕಕ್ಕಿಲ್ಲ. ಇವತ್ತಿನ ಬೆಲೆಯನ್ನು ಕೈಯಾರೆ ಬರೆದು ಹಾಕುವುದಕ್ಕೂ ಅವರ ನಿಯಮ ಬಿಡುವುದಿಲ್ಲ, ಬೆಲೆ ಗಂಟೆಗಂಟೆಗೂ ಬದಲಾಗುತ್ತದೆ ಎಂಬ ಕಾರಣಕ್ಕೆ.

ಆ 24 ಗಂಟೆಯನ್ನು ನಮ್ಮ ಊರಿನ ಕಡೆಯಿಂದ ನೋಡಿ. ಬ್ಯಾಟರಿ ಸ್ಪ್ರೇಯರ್ ಕೊಳ್ಳಬೇಕೆಂದಿರುವ ರೈತರು ಇವತ್ತು ಓದುತ್ತಾರೆ, ರಾತ್ರಿ ಮನೆಯಲ್ಲಿ ಮಾತಾಡುತ್ತಾರೆ, ನಾಳೆ ಪಕ್ಕದ ತೋಟದವರನ್ನು ಕೇಳುತ್ತಾರೆ, ಸಂತೆಯ ದಿನ ಪೇಟೆಯ ಅಂಗಡಿಯಲ್ಲಿ ಒಮ್ಮೆ ಹೆಗಲಿಗೆ ಹಾಕಿ ನೋಡುತ್ತಾರೆ. ಅಷ್ಟು ಹೊತ್ತಿಗೆ ನಿಮ್ಮ ಗುರುತು ಅಳಿಸಿಹೋಗಿರುತ್ತದೆ. ಹಾಗಾಗಿ ಮೊದಲ ಸಲ ಬಂದವರಿಂದ ಲಿಂಕ್ ಒತ್ತಿಸುವ ಆತುರ ಬೇಡ. ಕೊಳ್ಳುವ ದಿನ ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಎಂದು ಅವರು ನಿಮ್ಮ ಪುಟಕ್ಕೇ ಮರಳುವಂತಿರಬೇಕು.

ಅಂಥ ಪುಟ ಹೇಗಿರಬೇಕು? ಅದೇ 16 ಲೀಟರಿನ ಸ್ಪ್ರೇಯರನ್ನು ಇಟ್ಟುಕೊಂಡು ಹೇಳುತ್ತೇನೆ. ಮಾರುವವರ ಪುಟದಲ್ಲಿ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿ ಎಂದಿರುತ್ತದೆ. ಕೊಳ್ಳುವವರಿಗೆ ಬೇಕಾದದ್ದು ಬೇರೆ. ಟ್ಯಾಂಕ್ ತುಂಬಿದರೆ ನೀರೇ 16 ಕಿಲೋ, ಯಂತ್ರದ ತೂಕ ಸೇರಿದರೆ 20 ಕಿಲೋ ದಾಟುತ್ತದೆ. ಅದನ್ನು ಹೊತ್ತು ಇಳಿಜಾರಿನ ತೋಟದಲ್ಲಿ ಅರವತ್ತು ದಾಟಿದವರು ನಡೆಯಬಲ್ಲರೇ? ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಬಹುದೇ? ಶೇ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣದ ಗಸಿಯನ್ನು ಬಟ್ಟೆಯಲ್ಲಿ ಸರಿಯಾಗಿ ಸೋಸದಿದ್ದರೆ ನಾಝಲ್ ಕಟ್ಟಿಕೊಳ್ಳುತ್ತದೆ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಆದ್ದರಿಂದ ಬಳಸಿದ ದಿನವೇ ತೊಳೆದಿಡಬೇಕು. ಅಡಿಕೆ ಗೊನೆಗೆ ಕೊಳೆ ರೋಗದ ಔಷಧಿ ಹೊಡೆಯಲು ಇದು ಸಾಕೇ? ಸಾಲದು, ಅಷ್ಟು ಎತ್ತರಕ್ಕೆ ಒತ್ತಡ ಮುಟ್ಟುವುದಿಲ್ಲ, ಅದಕ್ಕೆ ಪವರ್ ಸ್ಪ್ರೇಯರ್ ಮತ್ತು ಉದ್ದನೆಯ ಪೈಪ್ ಬೇಕು. ತರಕಾರಿ ಪಾತಿಗೆ, ಎಳೆ ಗಿಡಗಳಿಗೆ, ಮೆಣಸಿನ ಬಳ್ಳಿಯ ಬುಡಕ್ಕೆ ಇದು ಚೆನ್ನಾಗಿದೆ.

ಇದು ಯಾರಿಗೆ ಬೇಡ ಎಂದು ಬರೆಯುವ ಆ ಸಾಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಮಾರಾಟ ತಪ್ಪುತ್ತದೆಂಬ ಹೆದರಿಕೆಗೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಳ್ಳುವ ಮೊದಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಸ್ಪ್ರೇಯರ್ ಇದೆಯೇ ಕೇಳಿ ಎಂದು ಬರೆಯುತ್ತೇನೆ. ಅಲ್ಲಿ ಸಿಕ್ಕವರಿಂದ ನನಗೆ ಒಂದು ರೂಪಾಯಿಯೂ ಬರುವುದಿಲ್ಲ. ಆದರೆ ಅಲ್ಲಿ ಸಿಗದವರು ತಿರುಗಿ ಬರುತ್ತಾರೆ, ಮುಂದಿನ ವರ್ಷ ಕಳೆ ಕೊಚ್ಚುವ ಯಂತ್ರ ಬೇಕಾದಾಗಲೂ ಬರುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಸ್ಪ್ರೇಯರಿಗೆ 3,000 ರೂಪಾಯಿ, ಕಮಿಷನ್ ಶೇ 4 ಎಂದಿಟ್ಟುಕೊಳ್ಳಿ. ಒಂದು ಮಾರಾಟಕ್ಕೆ ಸಿಗುವುದು 120 ರೂಪಾಯಿ. ಔಷಧಿ ಸಿಂಪಡಣೆಯ ಮಹತ್ವ ಎಂಬ ಲೇಖನವನ್ನು ಸಾವಿರ ಜನ ಓದಿ, ಐದು ಜನ ಲಿಂಕ್ ಒತ್ತಿ, ಯಾರೂ ಕೊಳ್ಳದಿದ್ದರೆ ಸೊನ್ನೆ. ಮೇಲೆ ಹೇಳಿದಂಥ ಪುಟವನ್ನು ಇನ್ನೂರೇ ಜನ ಓದಿ, ಮೂವತ್ತು ಜನ ಒತ್ತಿ, ಇಬ್ಬರು ಕೊಂಡರೆ 240. ದೊಡ್ಡ ಮೊತ್ತವಲ್ಲ, ನಿಜ. ಆದರೆ ಅಂಥ ನಲವತ್ತು ಪುಟಗಳಿದ್ದು, ಒಂದೊಂದೂ ತಿಂಗಳಿಗೆ ಅಷ್ಟೇ ತಂದರೆ 9,600 ಆಯಿತು. ಕಮಿಷನ್ ದರ ಪೂರ್ತಿ ಕಂಪನಿಯ ಕೈಯಲ್ಲಿರುವ ವಿಷಯ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಹಲವು ವಿಭಾಗಗಳ ದರವನ್ನು ಒಮ್ಮೆಲೇ ಇಳಿಸಿದಾಗ ಅದನ್ನೇ ನಂಬಿದ್ದ ಸೈಟುಗಳಿಗೆ ದೊಡ್ಡ ಪೆಟ್ಟು ಬಿತ್ತು. ಮನೆ ಖರ್ಚನ್ನೆಲ್ಲ ಒಂದೇ ಕಂಪನಿಯ ಲಿಂಕಿನ ಮೇಲೆ ಹೊರಿಸಬೇಡಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಏನು ಬರೆಯಬೇಕೆಂದು ತಿಳಿಯದಿದ್ದರೆ ಗೂಗಲ್ ಸರ್ಚ್ ಕನ್ಸೋಲ್ ತೆರೆದು ನೋಡಿ, ಅದಕ್ಕೆ ಹಣ ಕೊಡಬೇಕಿಲ್ಲ. ಜನ ಯಾವ ಮಾತು ಹುಡುಕಿ ನಿಮ್ಮಲ್ಲಿಗೆ ಬಂದರು ಎಂಬುದು ಅಲ್ಲಿರುತ್ತದೆ. ನಮ್ಮವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಟೈಪ್ ಮಾಡುತ್ತಾರೆ, ಮೈಕ್ ಒತ್ತಿ ಬಾಯಲ್ಲೂ ಕೇಳುತ್ತಾರೆ. ಶೀರ್ಷಿಕೆಯಲ್ಲಿ ಸಿಂಪಡಣಾ ಯಂತ್ರ ಎಂದಷ್ಟೇ ಇದ್ದರೆ ಸಾಲದು, ಸ್ಪ್ರೇಯರ್ ಎಂಬುದೂ ಔಷಧಿ ಹೊಡೆಯುವ ಮಿಷನ್ ಎಂಬುದೂ ಪುಟದಲ್ಲಿ ಎಲ್ಲಾದರೂ ಬರಬೇಕು.

ಕಮಿಷನ್ ಸಿಗುತ್ತದೆ ಎಂದು ಓದುಗರಿಗೆ ಹೇಳಲೇಬೇಕಾ ಎಂದೂ ಕೇಳುತ್ತಾರೆ. ಹೇಳಲೇಬೇಕು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ತಂದಿತು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ, ವಸ್ತುವನ್ನು ಶಿಫಾರಸು ಮಾಡುವವರು ತಮಗಿರುವ ಹಣದ ಸಂಬಂಧವನ್ನು ಎದ್ದು ಕಾಣುವಂತೆ, ಶಿಫಾರಸು ಮಾಡಿದ ಭಾಷೆಯಲ್ಲೇ ತಿಳಿಸಬೇಕೆಂದು ಸ್ಪಷ್ಟಪಡಿಸಿತು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಪ್ರಾಧಿಕಾರಕ್ಕಿದೆ. ಹಾಗಾಗಿ ಲೇಖನ ಕನ್ನಡದಲ್ಲಿದ್ದರೆ ಆ ಮಾತೂ ಕನ್ನಡದಲ್ಲೇ ಇರಲಿ: ‘ಈ ಲಿಂಕಿನಿಂದ ನೀವು ಕೊಂಡರೆ ನನಗೆ ಕಮಿಷನ್ ಸಿಗುತ್ತದೆ, ಅದರಿಂದ ನಿಮಗೆ ಬೆಲೆ ಹೆಚ್ಚಾಗುವುದಿಲ್ಲ.’ ಇದನ್ನು ಪುಟದ ತಳದಲ್ಲಿ ಬಚ್ಚಿಡದೆ ಲಿಂಕಿಗಿಂತ ಮೊದಲೇ ಹಾಕಿ. ಗೂಗಲ್‌ಗೂ ತಿಳಿಸಬೇಕು. ಅದಕ್ಕೆಂದೇ 2019ರಿಂದ ಲಿಂಕಿನ ಕೋಡಿನಲ್ಲಿ ಹಾಕಲು ಸ್ಪಾನ್ಸರ್ಡ್ ಎಂಬ ಗುರುತಿದೆ.

ಓದುಗರು ಲಿಂಕ್ ಒತ್ತದಿದ್ದರೂ ಅವರ ಬ್ರೌಸರಿನಲ್ಲಿ ಕುಕೀ ತುರುಕುವ ಅಡ್ಡದಾರಿಯನ್ನು ಯಾರಾದರೂ ಹೇಳಿಕೊಡಲು ಬಂದರೆ ದೂರವಿಡಿ. ಆನ್‌ಲೈನ್ ಮಾರಾಟದ ಇಬೇ ಕಂಪನಿಯ ಅತಿದೊಡ್ಡ ಅಫಿಲಿಯೇಟ್ ಆಗಿದ್ದ ಶಾನ್ ಹೋಗನ್‌ಗೆ ಇದೇ ಕಾರಣಕ್ಕೆ 2014ರಲ್ಲಿ ಅಮೆರಿಕದ ನ್ಯಾಯಾಲಯ ಐದು ತಿಂಗಳ ಸೆರೆವಾಸ ವಿಧಿಸಿತು.

ತೆರಿಗೆಯ ಬಗ್ಗೆ ಎರಡೇ ಮಾತು. ಕಮಿಷನ್ ಆದಾಯವೇ, ರಿಟರ್ನ್ಸ್‌ನಲ್ಲಿ ತೋರಿಸಬೇಕು. ಕಂಪನಿಗಳು ಮೂಲದಲ್ಲೇ ಹಿಡಿಯುವ ಟಿಡಿಎಸ್ ದರ 2024ರ ಅಕ್ಟೋಬರ್‌ನಿಂದ ಶೇ 5ರಿಂದ 2ಕ್ಕೆ ಇಳಿದಿದೆ, ಆದರೆ ಪ್ಯಾನ್ ಕೊಡದಿದ್ದರೆ ಶೇ 20 ಹಿಡಿಯುತ್ತಾರೆ.

ಕೊನೆಗೆ, ಹುಡುಗರು ಕೇಳುವ ಇನ್ನೊಂದು ಪ್ರಶ್ನೆ: ‘ಸಾರ್, ಅಫಿಲಿಯೇಟ್ ಕೋರ್ಸಿಗೆ ಸೇರ್ಲಾ?’ ಇದಕ್ಕೆ ಉತ್ತರಿಸುವಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಕೆಲವರು ಆಗಲೇ ಮನೆಯಲ್ಲಿ ಸಾಲ ಮಾಡಿಸಿ ಕಟ್ಟಿರುತ್ತಾರೆ. ಎಷ್ಟೋ ಕೋರ್ಸುಗಳಲ್ಲಿ ಕಲಿಸುವುದು ಆ ಕೋರ್ಸನ್ನೇ ಇನ್ನೊಬ್ಬರಿಗೆ ಮಾರುವುದನ್ನು. ಹೊಸಬರು ಕಟ್ಟಿದ ಹಣದಲ್ಲೇ ಹಳಬರಿಗೆ ಪಾಲು ಹೋಗುವ ಇಂಥ ಜಾಲವನ್ನು ತಡೆಯಲು 1978ರಿಂದಲೇ ಕಾಯ್ದೆಯಿದೆ. 2021ರ ನೇರ ಮಾರಾಟದ ನಿಯಮಗಳೂ ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ. ಸೇರುವ ಮುನ್ನ ಅವರನ್ನು ಕೇಳಿ: ನಿಮ್ಮಲ್ಲಿ ಕಲಿತವರು ಈ ಕೋರ್ಸ್ ಬಿಟ್ಟು ಬೇರೆ ಯಾವ ವಸ್ತು ಮಾರಿ ಸಂಪಾದಿಸಿದ್ದಾರೆ, ಅವರ ಸೈಟ್ ತೋರಿಸಿ. ತೋರಿಸದಿದ್ದರೆ ಎದ್ದು ಬನ್ನಿ. ಆ ಹಣದಲ್ಲಿ ಒಂದು ಡೊಮೈನ್, ಅಂದರೆ ಸೈಟಿನ ವಿಳಾಸ, ಮತ್ತು ಒಂದು ವರ್ಷದ ಹೋಸ್ಟಿಂಗ್, ಅಂದರೆ ಸೈಟ್ ಇಡುವ ಜಾಗ, ತಗೊಳ್ಳಿ. ಉಳಿದದ್ದರಲ್ಲಿ ನೀವು ಬರೆಯಬೇಕೆಂದಿರುವ ವಸ್ತುವನ್ನೇ ಕೊಂಡು, ಒಂದು ಹಂಗಾಮು ಬಳಸಿ, ಆಮೇಲೆ ಮೊದಲ ಪುಟ ಬರೆಯಿರಿ.