ಹಳೇ ಅಂಬಾಸಿಡರ್‌ಗೆ ಬ್ರೇಕ್ ಬೂಸ್ಟರ್ ಹಾಕಿಸೋ ಮುಂಚೆ

ಬ್ರೇಕ್ ಪೆಡಲ್ ಗಟ್ಟಿ ಅಂತ ಬೂಸ್ಟರ್ (ಇಂಜಿನ್ ಎಳೆತದಿಂದ ಕಾಲಿನ ಒತ್ತಡಕ್ಕೆ ಬಲ ಸೇರಿಸೋ ಸಾಧನ) ಹುಡುಕೋರು ಮೊದಲು ನಾಲ್ಕೂ ಡ್ರಮ್ ಬಿಚ್ಚಿಸಿ ನೋಡಿ. ಲೈನರ್ (ಡ್ರಮ್‌ಗೆ ಉಜ್ಜೋ ಪಟ್ಟಿ) ಗಾಜಿನ ಹಾಗೆ ಹೊಳೀತಿದ್ರೆ ತಪ್ಪು ಅಲ್ಲಿದೆ, ಬೂಸ್ಟರ್ ಅದನ್ನ ಸರಿ ಮಾಡಲ್ಲ.

ಪೆಟ್ರೋಲ್ ಗಾಡೀಲಿ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ (ಗಾಳಿಯ ಎಳೆತ) ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದಲೇ (ಇಂಜಿನ್‌ಗೆ ಗಾಳಿ ಹೋಗೋ ಕೊಳವೆ) ತಗೋಬೇಕು, ನಡುವೆ ಒನ್‌-ವೇ ವಾಲ್ವ್ ಕಡ್ಡಾಯ. ಐಡಲ್‌ನಲ್ಲಿ ವ್ಯಾಕ್ಯೂಮ್ ಗೇಜ್ 18 ಇಂಚಿನ (ಪಾದರಸದ ಲೆಕ್ಕ) ಆಸುಪಾಸು ತೋರಿಸಲಿ. ತೆಳು ಪೆಟ್ರೋಲ್ ಪೈಪ್ ಹಾಕಿದ್ರೆ ಎಳೆತಕ್ಕೆ ಚಪ್ಪಟೆಯಾಗುತ್ತೆ.

ಹೆಚ್ಚು ಜನ ಎಡವೋದು ಪುಶ್‌ರಾಡ್‌ನಲ್ಲಿ, ಅಂದ್ರೆ ಬ್ರೇಕ್ ಆಯಿಲ್ ಒತ್ತೋ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ತಳ್ಳೋ ಕಡ್ಡೀಲಿ. ಮಾಸ್ಟರ್ ಸಿಲಿಂಡರ್ ಪಿಸ್ಟನ್‌ಗೂ ಅದಕ್ಕೂ 0.5ರಿಂದ 1 ಮಿ.ಮೀ. ಸಂದು ಬೇಕೇ ಬೇಕು. ಇಲ್ಲದಿದ್ರೆ ಬ್ರೇಕ್ ಆಯಿಲ್ ವಾಪಸ್ ಹೋಗೋ ಸಣ್ಣ ತೂತು ಮುಚ್ಚೇ ಇರುತ್ತೆ. ಬಿಸಿಯಾದ ಆಯಿಲ್ ಹಿಗ್ಗಿ, ಕಾಲು ತೆಗೆದ್ರೂ ಬ್ರೇಕ್ ಹಿಡಿದೇ ಇರುತ್ತೆ.

ತಿರುಗೋ ಡ್ರಮ್ಮೇ ಲೈನರ್ ಇರೋ ಶೂವನ್ನ ತನ್ನತ್ತ ಎಳ್ಕೊಂಡು ಕಚ್ಚಿಸೋ ಆ ಕಾಲದ ಲೆಕ್ಕಾಚಾರ ಎಷ್ಟು ಚೆಂದ ಅನ್ನಿಸುತ್ತೆ. ಹೀಗೆ ಬ್ರೇಕ್‌ಗೆ ತಾನೇ ಬಲ ಸೇರೋದ್ರಿಂದ ದೊಡ್ಡ ಬೂಸ್ಟರ್ ಬೇಡ, ಹಾಕಿದ್ರೆ ಒದ್ದೆ ರಸ್ತೇಲಿ ಚಕ್ರ ತಟ್ಟನೆ ಲಾಕ್ ಆಗುತ್ತೆ.

ಬ್ರೇಕ್ ಪೈಪ್‌ನಲ್ಲಿನ ಏರ್ ತೆಗೆದ ಮೇಲೆ ಇಂಜಿನ್ ಆಫ್ ಇಟ್ಟು ಐದಾರು ಸಲ ಪೆಡಲ್ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಚೂರು ಕೆಳಗಿಳಿದ್ರೆ ಬೂಸ್ಟರ್ ಕೆಲಸ ಮಾಡ್ತಿದೆ. ಮುಂದೆ ಬ್ರೇಕ್ ಆಯಿಲ್ ಕಮ್ಮಿಯಾಗ್ತಾ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬಂದ್ರೆ, ಬೂಸ್ಟರ್ ಸೀಲ್ ಹೋಗಿ ಬ್ರೇಕ್ ಆಯಿಲ್ ಇಂಜಿನ್ ಒಳಗೆ ಎಳೆದು ಉರೀತಿರಬಹುದು, ಗಾಡಿ ನಿಲ್ಲಿಸಿ.